ಕಾಗದದಲ್ಲಿರುವ ಮಗು

ಮಾರಿಕಣಿವೆಯನ್ನು ನೋಡಲು ಬಂದವರು ಮೊದಲು ಕೇಳುವ ಪ್ರಶ್ನೆ ‘ನೀರು ಎಷ್ಟು ಅಡಿ ಇದೆ?’ ಎಂಬುದು. ಕಟ್ಟೆಯ ಎತ್ತರವೆಷ್ಟು, ಕಟ್ಟಿಸಿದವರಾರು ಎಂಬುದನ್ನು ಆಮೇಲೆ ವಿಚಾರಿಸುತ್ತಾರೆ. ಅದಕ್ಕೆ ಕಾರಣವಿಲ್ಲದಿಲ್ಲ. ವೇದಾವತಿಯ ಹರಿವಿಗೆ ಅಡ್ಡಲಾಗಿ ಎರಡು ಗುಡ್ಡಗಳ ನಡುವಣ ಇಕ್ಕಟ್ಟಿನಲ್ಲಿ 1898ರಲ್ಲಿ ಆರಂಭವಾದ ಕೆಲಸ 1907ರಲ್ಲಿ ಮುಗಿಯಿತು. ರೀಜೆಂಟರಾಗಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಹೆಸರು ಜಲಾಶಯಕ್ಕೆ ಬಂದಿತು. ಆದರೆ ಅದು ತುಂಬಿ ಕೋಡಿ ಹರಿದದ್ದು 1933ರಲ್ಲಿ. ಎರಡನೆಯ ಸಲ ಹರಿಯುವುದಕ್ಕೆ 2022ರ ವರೆಗೆ, 89 ವರ್ಷ, ಕಾಯಬೇಕಾಯಿತು. ಹಿರಿಯೂರು ಹೊಸದುರ್ಗಗಳ ಕಡೆಯ ರೈತನಿಗೆ ಇದರಿಂದ ಒಂದು ವಿವೇಕ ಬಂದಿದೆ: ಕಟ್ಟೆ ಇದೆ ಎಂದ ಮಾತ್ರಕ್ಕೆ ನೀರು ಇದೆ ಎಂದು ಅರ್ಥವಲ್ಲ.

ನ್ಯಾಯಾಸ್ಥಾನದ ಅಪ್ಪಣೆಗಳ ವಿಷಯದಲ್ಲಿಯೂ ಈ ವಿವೇಕ ಬೇಕಾಗುತ್ತದೆ. ಅದರಲ್ಲಿಯೂ ಗಂಡಹೆಂಡಿರು ಬೇರೆಯಾದಾಗ ಮಗು ಯಾರ ಬಳಿ ಇರತಕ್ಕದ್ದು ಎಂದು ನ್ಯಾಯಾಧೀಶರು ಬರೆಯುವ ಅಪ್ಪಣೆಯ ವಿಷಯದಲ್ಲಿ. ತೀರ್ಪು ಹೊರಬಿದ್ದ ದಿನ ಮೊಕದ್ದಮೆ ಮುಗಿಯಿತೆಂದು ನಾವು ತಿಳಿಯುತ್ತೇವೆ. ಅನೇಕರ ಪಾಲಿಗೆ ನಿಜವಾದ ಮೊಕದ್ದಮೆ ಆರಂಭವಾಗುವುದೇ ಅಂದು.

ಊರಿನ ಶಾಲೆಯ ಮೇಷ್ಟರಾದವನಿಗೆ ಪಾಠ ಹೇಳುವುದರ ಜೊತೆಗೆ ಅರ್ಜಿ ಬರೆದುಕೊಡುವ, ಕಾಗದ ಓದಿಹೇಳುವ ಕೆಲಸವೂ ತಾನಾಗಿ ಒದಗುತ್ತದೆ. ಹಿನ್ನೀರಿನ ಅಂಚಿನ ಒಂದು ಹಳ್ಳಿಯಿಂದ ಬಂದ ಹೆಣ್ಣುಮಗಳೊಬ್ಬಳು ಪ್ಲಾಸ್ಟಿಕ್ ಚೀಲದಲ್ಲಿ ಮಡಿಸಿಟ್ಟಿದ್ದ ಅಪ್ಪಣೆಯ ನಕಲನ್ನು ನನ್ನ ಮೇಜಿನ ಮೇಲಿಟ್ಟು ಓದಬೇಕೆಂದಳು. ಓದಿದೆ. ಆರು ವರ್ಷದ ಗಂಡುಮಗು ತಾಯಿಯ ವಶದಲ್ಲಿರತಕ್ಕದ್ದು. ತಿಂಗಳಿಗೆ ಎರಡು ಭಾನುವಾರ ಹಗಲು ಹೊತ್ತು ತಂದೆ ಕರೆದುಕೊಂಡು ಹೋಗಿ ಸಂಜೆಗೆ ತಂದುಬಿಡತಕ್ಕದ್ದು. ಅಂಥ ಒಂದು ಭಾನುವಾರ ಕರೆದುಕೊಂಡು ಹೋದವನು ಹಿಂದಕ್ಕೆ ತಂದುಬಿಟ್ಟಿರಲಿಲ್ಲ. ಆಗಲೇ ಹನ್ನೊಂದು ವಾರವಾಗಿತ್ತು. ಠಾಣೆಯಲ್ಲಿ ‘ಇದು ಸಿವಿಲ್ ವಿಚಾರ’ ಎಂದಿದ್ದರು. ವಕೀಲರು ಜಾರಿ ಅರ್ಜಿ ಹಾಕಿದ್ದರು. ನೋಟೀಸು ‘ವಿಳಾಸದಾರರು ಊರಲ್ಲಿಲ್ಲ’ ಎಂಬ ಷರಾದೊಡನೆ ಹಿಂದಕ್ಕೆ ಬಂದಿತ್ತು. ಎಲ್ಲವನ್ನೂ ಕೇಳಿ ಆಕೆ ಎರಡೇ ಪ್ರಶ್ನೆ ಕೇಳಿದಳು. ‘ಮಗು ನನ್ನ ಹತ್ತಿರ ಇರಬೇಕು ಅಂತ ಇದರಲ್ಲಿ ಬರೆದಿದೆಯಾ?’ ಬರೆದಿದೆ ಎಂದೆ. ‘ಹಾಗಾದರೆ ಮಗು ಎಲ್ಲಿ ಸ್ವಾಮಿ?’

ಅದೇ ವರ್ಷ ಇನ್ನೊಬ್ಬನನ್ನೂ ಕಂಡೆ. ಅವನದು ಇದಕ್ಕೆ ತಿರುಗುಮುರುಗಾದ ಕಥೆ. ಮಗಳು ತಾಯಿಯ ಬಳಿ ಇರಬೇಕೆಂಬುದನ್ನು ಅವನು ಒಪ್ಪಿದ್ದ. ತಿಂಗಳಿಗೊಮ್ಮೆ ನೋಡಬಹುದೆಂದು ಅವನಿಗೆ ಅಪ್ಪಣೆಯಾಗಿತ್ತು. ಬಸ್ಸು ಹಿಡಿದು ಹೋದಾಗಲೆಲ್ಲ ಆ ಮನೆಗೆ ಬೀಗ. ಒಂದು ಸಲ ಜ್ವರ, ಒಂದು ಸಲ ಮದುವೆ, ಒಂದು ಸಲ ಕಾರಣವೇ ಇಲ್ಲ. ಹಟ ಗಂಡಿನ ಸ್ವತ್ತೂ ಅಲ್ಲ, ಹೆಣ್ಣಿನ ಸ್ವತ್ತೂ ಅಲ್ಲ ಎಂಬುದನ್ನು ನೆನಪಿಟ್ಟುಕೊಂಡೇ ಈ ವಿಷಯವನ್ನು ವಿಚಾರ ಮಾಡಬೇಕು.

ಉಳಿದ ಡಿಕ್ರಿಗಳಿಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಮೊದಲು ಗಮನಿಸೋಣ. ಹೊಲದ ಡಿಕ್ರಿಯಾದರೆ ಅಮೀನನು ಬಂದು ಸರಪಳಿ ಹಿಡಿದು ಅಳೆದು ಕಲ್ಲು ನೆಡುತ್ತಾನೆ. ಹೊಲ ಓಡಿಹೋಗುವುದಿಲ್ಲ, ಹತ್ತು ವರ್ಷ ತಡವಾದರೂ ಹೊಲ ಹೊಲವೇ. ಹಣದ ಡಿಕ್ರಿಯಾದರೆ ಬಡ್ಡಿ ಬೆಳೆಯುತ್ತದೆ, ತಡವಾದುದಕ್ಕೆ ಅದೇ ಪರಿಹಾರ. ಆದರೆ ಮಗುವಿನ ಆರನೆಯ ವಯಸ್ಸನ್ನು ಬಡ್ಡಿ ಸಮೇತ ಹಿಂದಕ್ಕೆ ಕೊಡಿಸುವ ನ್ಯಾಯಾಸ್ಥಾನ ಲೋಕದಲ್ಲಿಲ್ಲ. ಅಮೀನನು ಬಂದರೂ ಮಗು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು ಅಳುತ್ತದೆ. ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಎತ್ತಿಕೊಂಡು ಹೋದರೆ ಅಪ್ಪಣೆ ಜಾರಿಯಾದಂತೆ ಆಗುತ್ತದೆ. ಆದರೆ ಯಾರ ಹಿತಕ್ಕಾಗಿ ಆ ಅಪ್ಪಣೆ ಹುಟ್ಟಿತೋ ಅವರಿಗೇ ಪೆಟ್ಟು ಬೀಳುತ್ತದೆ.

ಹಾಗೆಂದು ಕಾನೂನಿನ ಬತ್ತಳಿಕೆ ಬರಿದಾಗಿಲ್ಲ. 1890ರ ಪಾಲಕರ ಮತ್ತು ಪಾಲ್ಯರ ಕಾಯಿದೆ ಇಂದಿಗೂ ಜೀವಂತವಾಗಿದೆ. ಅದರ 25ನೆಯ ಪ್ರಕರಣದಂತೆ, ಪಾಲಕನ ವಶದಿಂದ ತಪ್ಪಿಸಿದ ಮಗುವನ್ನು ಹಿಂದಕ್ಕೆ ಕೊಡಿಸಬಹುದು. ಬೇಕಾದರೆ ಹುಡುಕಿ ತರಲು ಮ್ಯಾಜಿಸ್ಟ್ರೇಟರಿಗಿರುವ ಶೋಧನ ವಾರಂಟಿನ ಅಧಿಕಾರವನ್ನು ನ್ಯಾಯಾಸ್ಥಾನ ಚಲಾಯಿಸಬಹುದು. ಆ ಅಧಿಕಾರ 1882ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 100ನೆಯ ಪ್ರಕರಣವಾಗಿತ್ತು. 1973ರ ಸಂಹಿತೆಯಲ್ಲಿ 97ನೆಯದಾಯಿತು. 2024ರ ಜುಲೈ 1ರಂದು ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಮತ್ತೆ 100ನೆಯದಾಗಿದೆ. ಸಂಖ್ಯೆ ಸುತ್ತಿ ಬಂದು ತನ್ನ ಜಾಗದಲ್ಲಿ ನಿಂತಿತು. ಮನೆಯ ಬಾಗಿಲಲ್ಲಿ ನಿಂತ ಪೊಲೀಸಿನವನ ಸಂಕಟ ಮಾತ್ರ ಇದ್ದಂತೆಯೇ ಇದೆ.

ಅಪ್ಪಣೆಯನ್ನು ಉಲ್ಲಂಘಿಸಿದವರಿಗೆ ಅದೇ ಕಾಯಿದೆಯ 45ನೆಯ ಪ್ರಕರಣ ವಿಧಿಸುವ ದಂಡ ನೂರು ರೂಪಾಯಿ. ಹಟ ಮುಂದುವರಿದರೆ ದಿನಕ್ಕೆ ಹತ್ತು ರೂಪಾಯಿಯಂತೆ, ಒಟ್ಟು ಐನೂರು ಮೀರದಂತೆ. ಮಗುವನ್ನು ಹಾಜರುಪಡಿಸುತ್ತೇನೆಂದು ಒಪ್ಪಿಕೊಳ್ಳುವ ತನಕ ಸಿವಿಲ್ ಜೈಲು. 1890ರಲ್ಲಿ ನೂರು ರೂಪಾಯಿ ಎಂದರೆ ಸಾಮಾನ್ಯ ಗೃಹಸ್ಥನ ಎದೆ ನಡುಗಿಸುವ ಮೊತ್ತವಾಗಿದ್ದಿರಬೇಕು. ಇಂದು ಅಷ್ಟು ಹಣಕ್ಕೆ ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಹೋಗಿ ಬರುವ ಬಸ್ಸಿನ ಖರ್ಚು ಕಳೆದರೆ ಉಳಿಯುವುದು ಅಲ್ಪ. ಶಾಸನದ ಅಕ್ಷರ ಹಾಗೆಯೇ ಇದ್ದು ಅದರೊಳಗಿನ ಭಯ ಮಾತ್ರ ಆವಿಯಾಗಿ ಹೋಗಿದೆ.

ಇತರ ಮಾರ್ಗಗಳೂ ಇವೆ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯಿದೆಯ 18ನೆಯ ಪ್ರಕರಣದಂತೆ ಈ ಅಪ್ಪಣೆಗಳನ್ನು ಸಿವಿಲ್ ಡಿಕ್ರಿಗಳ ರೀತಿಯಲ್ಲಿಯೇ ಜಾರಿ ಮಾಡಿಸಬಹುದು. ಎಂದರೆ ಹಟಮಾರಿಯ ಸ್ವತ್ತನ್ನು ಜಪ್ತಿ ಮಾಡಬಹುದು, ಅವನನ್ನು ಸಿವಿಲ್ ಜೈಲಿಗೆ ಕಳುಹಿಸಬಹುದು. 1971ರ ನ್ಯಾಯಾಂಗ ನಿಂದನೆಯ ಕಾಯಿದೆಯಂತೆ ಆರು ತಿಂಗಳ ವರೆಗೆ ಸಾದಾ ಸಜೆ, ಎರಡು ಸಾವಿರ ರೂಪಾಯಿಯ ವರೆಗೆ ಜುಲ್ಮಾನೆ ವಿಧಿಸಬಹುದು. ಉಚ್ಚ ನ್ಯಾಯಾಲಯದಲ್ಲಿ ಹೇಬಿಯಸ್ ಕಾರ್ಪಸ್ ರಿಟ್ಟನ್ನು ಬೇಡಬಹುದು. ಬಂಧುವೊಬ್ಬಳು ತಾಯಿಯಿಂದ ಹಿಡಿದಿಟ್ಟುಕೊಂಡಿದ್ದ ಮಗುವನ್ನು ಈ ಬಗೆಯ ಅರ್ಜಿಯ ಮೇಲೆಯೇ ತಾಯಿಗೆ ಕೊಡಿಸಬಹುದು, ‘ಸಿವಿಲ್ ಕೋರ್ಟಿಗೆ ಹೋಗು’ ಎಂದು ಅಟ್ಟಬೇಕಾಗಿಲ್ಲ ಎಂದು ಸುಪ್ರೀಂ ಕೋರ್ಟು 1959ರಲ್ಲಿಯೇ ತೀರ್ಮಾನಿಸಿತು.

ಇಷ್ಟೆಲ್ಲ ಇದ್ದೂ ಅಪ್ಪಣೆ ಏಕೆ ಸೋಲುತ್ತದೆ? ಇದಕ್ಕೆ ಉತ್ತರವನ್ನು ನಮ್ಮ ಗಡಿಯಾಚೆಯ ಒಂದು ಹಳೆಯ ಮೊಕದ್ದಮೆಯಲ್ಲಿ ಹುಡುಕಬಹುದು. ಕೋಲಾರದ ಆಚೆಗಿರುವ ಮದನಪಲ್ಲಿಯಲ್ಲಿ 1895ರಲ್ಲಿ ಹುಟ್ಟಿದ ಜಿಡ್ಡು ಕೃಷ್ಣಮೂರ್ತಿಯವರ ಹೆಸರನ್ನು ಕೇಳದ ವಾಚಕರಿಲ್ಲ. ತಂದೆ ನಾರಾಯಣಯ್ಯನವರು 1910ರಲ್ಲಿ ಕೃಷ್ಣಮೂರ್ತಿ, ನಿತ್ಯಾನಂದ ಎಂಬ ಇಬ್ಬರು ಮಕ್ಕಳ ಪಾಲಕತ್ವವನ್ನು ಆನಿ ಬೆಸೆಂಟರಿಗೆ ಬರೆದುಕೊಟ್ಟರು. ಆಮೇಲೆ ಮನಸ್ಸು ತಿರುಗಿತು. ಅಷ್ಟರಲ್ಲಿ ಬೆಸೆಂಟರು ಹುಡುಗರನ್ನು ಇಂಗ್ಲೆಂಡಿಗೆ ಕರೆದೊಯ್ದಿದ್ದರು. 1912ರಲ್ಲಿ ತಂದೆ ದಾವಾ ಹೂಡಿದರು. 1913ರ ಏಪ್ರಿಲ್ ತಿಂಗಳಲ್ಲಿ ಮದರಾಸು ಹೈಕೋರ್ಟು ಮಕ್ಕಳನ್ನು ಮೇ 26ರೊಳಗಾಗಿ ತಂದೆಗೆ ಒಪ್ಪಿಸಬೇಕೆಂದು ಅಪ್ಪಣೆ ಮಾಡಿತು. ಮೇಲಿನ ಪೀಠವೂ ಅದನ್ನೇ ಎತ್ತಿಹಿಡಿಯಿತು. ಮಕ್ಕಳು ಬರಲಿಲ್ಲ. ಬೆಸೆಂಟರು ಪ್ರಿವಿ ಕೌನ್ಸಿಲಿಗೆ ಹೋದರು. 1914ರ ಮೇ ತಿಂಗಳಲ್ಲಿ ಅವರಿಗೇ ಜಯವಾಯಿತು: ಮಕ್ಕಳು ಇಂಗ್ಲೆಂಡಿನಲ್ಲಿರುವಾಗ ಅವರ ವಿಷಯದಲ್ಲಿ ಮದರಾಸಿನಲ್ಲಿ ಈ ದಾವಾ ನಡೆಯತಕ್ಕದ್ದಲ್ಲ, ಮಕ್ಕಳ ಪರವಾಗಿ ಯಾರೂ ಮಾತಾಡಿಯೂ ಇಲ್ಲ ಎಂದು. ಆ ವೇಳೆಗೆ ಕೃಷ್ಣಮೂರ್ತಿಗೆ ಹತ್ತೊಂಬತ್ತು. ಯಾವ ಪ್ರಾಪ್ತವಯಸ್ಸಿನ ಗಡಿಗಾಗಿ ಎಲ್ಲರೂ ಹೋರಾಡುತ್ತಿದ್ದರೋ ಆ ಗಡಿ ಆಗಲೇ ದಾಟಿ ಹೋಗಿತ್ತು.

ತಡಮಾಡಿದವರ ಪರವಾಗಿ ಕಾಲವೇ ವಕಾಲತ್ತು ವಹಿಸುತ್ತದೆ ಎಂಬುದು ಇದರ ಪಾಠ. ಆದರೆ ಈ ಕಥೆಗೆ ಇನ್ನೊಂದು ಮುಖವಿದೆ. ಇದೇ ಆನಿ ಬೆಸೆಂಟರು ಮೂವತ್ತಾರು ವರ್ಷಗಳ ಹಿಂದೆ ಕಟಕಟೆಯ ಇನ್ನೊಂದು ಬದಿಯಲ್ಲಿ ನಿಂತಿದ್ದರು. ಗಂಡನಿಂದ ಬೇರೆಯಾಗಿದ್ದ ಆಕೆ ನಾಸ್ತಿಕಳು, ಸಂತಾನ ನಿಯಂತ್ರಣದ ಪುಸ್ತಕ ಪ್ರಕಟಿಸಿದವಳು ಎಂಬ ಕಾರಣದಿಂದ 1878ರಲ್ಲಿ ಇಂಗ್ಲೆಂಡಿನ ನ್ಯಾಯಾಸ್ಥಾನ ಚಿಕ್ಕ ಮಗಳು ಮೇಬಲ್‌ಳನ್ನು ಆಕೆಯಿಂದ ಕಿತ್ತು ತಂದೆಗೆ ಕೊಟ್ಟಿತು. ಚೀರಾಡುತ್ತಿದ್ದ ಮಗುವನ್ನು ತಂದೆಯ ಕಡೆಯ ಆಳು ಬಲವಂತವಾಗಿ ಎತ್ತಿಕೊಂಡು ಹೋದ ಬಗೆಯನ್ನು ಆಕೆ ಆತ್ಮಕಥೆಯಲ್ಲಿ ಬರೆದಿದ್ದಾರೆ. ಮಕ್ಕಳನ್ನು ನೋಡಲು ಅನುಮತಿಯೇನೋ ದೊರೆಯಿತು. ಪ್ರತಿಯೊಂದು ಭೇಟಿಯೂ ಮಕ್ಕಳಿಗೆ ಹಿಂಸೆಯಾಗುವುದನ್ನು ಕಂಡು, ಅವರು ದೊಡ್ಡವರಾಗಿ ತಾವೇ ವಿವೇಚಿಸುವ ತನಕ ಕಾಣುವುದಿಲ್ಲವೆಂದು ಆಕೆ ನಿಶ್ಚಯಿಸಿದರು. ಮಕ್ಕಳು ದೊಡ್ಡವರಾದ ಮೇಲೆ ತಾವಾಗಿಯೇ ತಾಯಿಯ ಬಳಿಗೆ ಬಂದರು. ಒಂದು ಅಪ್ಪಣೆ ಬಲಪ್ರಯೋಗದಿಂದ ಜಾರಿಯಾಗಿಯೂ ಸೋತಿತು. ಇನ್ನೊಂದು ಅಪ್ಪಣೆ ಜಾರಿಯಾಗದೆಯೇ ಸೋತಿತು. ಎರಡರಲ್ಲಿಯೂ ಅದೇ ಹೆಂಗಸು ಇದ್ದಳು. ಮಗುವನ್ನು ಕಳೆದುಕೊಂಡ ನೋವನ್ನು ಬಲ್ಲವಳೇ ಇನ್ನೊಬ್ಬ ತಂದೆಗೆ ಆ ನೋವನ್ನು ಕೊಟ್ಟಳು. ನೋವು ಮನುಷ್ಯನಿಗೆ ತಾನಾಗಿಯೇ ನ್ಯಾಯವನ್ನು ಕಲಿಸುವುದಿಲ್ಲ ಎಂಬುದು ನನಗೆ ಈ ಮೊಕದ್ದಮೆಯಿಂದ ತಿಳಿದ ಸಂಗತಿ.

ಅಂದಿನಿಂದ ಕಾನೂನಿನ ದೃಷ್ಟಿ ಬಹುಮಟ್ಟಿಗೆ ಬದಲಾಗಿದೆ. 1956ರ ಹಿಂದೂ ಅಪ್ರಾಪ್ತವಯಸ್ಕರ ಪಾಲಕತ್ವದ ಕಾಯಿದೆ ಮಗುವಿನ ಹಿತವನ್ನೇ ಪರಮಾವಧಿಯೆಂದು ಹೇಳಿತು. ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆಂದಿತು. ಮಕ್ಕಳು ತಂದೆತಾಯಿಗಳ ಸ್ವತ್ತಲ್ಲ, ಆಟದ ಬೊಂಬೆಗಳೂ ಅಲ್ಲ ಎಂದು ಸುಪ್ರೀಂ ಕೋರ್ಟು 1973ರಲ್ಲಿ ಸಾರಿತು. ‘ತಂದೆ, ಅವನ ನಂತರ ತಾಯಿ’ ಎಂಬ ಶಾಸನದ ಮಾತಿಗೆ ತಂದೆ ಸತ್ತ ಮೇಲೆ ಎಂದೇ ಅರ್ಥಮಾಡಬೇಕಾಗಿಲ್ಲ, ಅವನು ಇದ್ದೂ ಇಲ್ಲದಂತಿದ್ದಾಗಲೂ ತಾಯಿಯೇ ಪಾಲಕಳು ಎಂದು 1999ರಲ್ಲಿ ಲೇಖಕಿ ಗೀತಾ ಹರಿಹರನ್ ಅವರ ಮೊಕದ್ದಮೆಯಲ್ಲಿ ತೀರ್ಮಾನವಾಯಿತು. ನಮ್ಮ ಕರ್ನಾಟಕದ ಹೈಕೋರ್ಟು 2013ರಲ್ಲಿ ಒಂದು ಮೊಕದ್ದಮೆಯಲ್ಲಿ ವರ್ಷವನ್ನೇ ಎರಡು ಪಾಲು ಮಾಡಿತು: ಜನವರಿ 1ರಿಂದ ಜೂನ್ 30ರ ವರೆಗೆ ಮಗು ತಂದೆಯ ಬಳಿ, ಜುಲೈ 1ರಿಂದ ಡಿಸೆಂಬರ್ 31ರ ವರೆಗೆ ತಾಯಿಯ ಬಳಿ, ವಿದ್ಯೆಯ ಖರ್ಚು ಇಬ್ಬರದೂ ಸಮಸಮ. ಕಾನೂನು ಆಯೋಗ 2015ರ ತನ್ನ 257ನೆಯ ವರದಿಯಲ್ಲಿ ಈ ತೀರ್ಪನ್ನು ಉಲ್ಲೇಖಿಸಿ, ಜಂಟಿ ಪೋಷಣೆಗೆ ಶಾಸನದಲ್ಲಿಯೇ ಸ್ಥಾನ ಕೊಡಬೇಕೆಂದು ಶಿಫಾರಸು ಮಾಡಿತು.

ಇವೆಲ್ಲ ಉದಾತ್ತವಾದ ಮಾತುಗಳೇ. ಆದರೆ ವರ್ಷವನ್ನು ಎರಡು ಪಾಲು ಮಾಡುವ ತೀರ್ಪು ನಿಂತಿರುವುದು ಎರಡು ಸಂಜೆಗಳ ಮೇಲೆ, ಜೂನ್ 30ರ ಸಂಜೆ ಮತ್ತು ಡಿಸೆಂಬರ್ 31ರ ಸಂಜೆ. ಆ ಸಂಜೆಗಳಲ್ಲಿ ಒಬ್ಬರು ಮಗುವಿನ ಬಟ್ಟೆಯ ಗಂಟು ಕಟ್ಟಿ ಇನ್ನೊಬ್ಬರ ಬಾಗಿಲಿಗೆ ತರಬೇಕು. ಕೊಟ್ಟ ಮಾತಿಗೆ ಹುಲಿಯ ಗವಿಗೆ ಹಿಂದಿರುಗಿದ ಪುಣ್ಯಕೋಟಿಯ ಕಥೆಯನ್ನು ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ಭಾನುವಾರ ಸಂಜೆ ಐದು ಗಂಟೆಗೆ ಮಗುವನ್ನು ಹಿಂದಕ್ಕೆ ತಂದುಬಿಡುವಷ್ಟು ಸತ್ಯವನ್ನು ನಾವು ದೊಡ್ಡವರು ಉಳಿಸಿಕೊಂಡಿಲ್ಲ.

ಇಲ್ಲಿ ನ್ಯಾಯಾಧೀಶರಿಗೆ ಒದಗುವ ಧರ್ಮಸಂಕಟವನ್ನೂ ಹೇಳಬೇಕು. ಮಗುವನ್ನು ಬಚ್ಚಿಟ್ಟುಕೊಂಡವನು ವರ್ಷ ಕಳೆದ ಮೇಲೆ ನ್ಯಾಯಾಸ್ಥಾನದ ಮುಂದೆ ಬಂದು ನಿಲ್ಲುತ್ತಾನೆ. ‘ಮಗು ಈಗ ಇಲ್ಲಿ ಹೊಂದಿಕೊಂಡಿದೆ, ಇಲ್ಲಿಯೇ ಶಾಲೆಗೆ ಹೋಗುತ್ತಿದೆ, ಬೇಕಾದರೆ ಅದನ್ನೇ ಕೇಳಿ’ ಎನ್ನುತ್ತಾನೆ. ಕೇಳಿದರೆ ಮಗುವೂ ‘ಅಮ್ಮನ ಹತ್ತಿರ ಹೋಗುವುದಿಲ್ಲ’ ಎನ್ನುತ್ತದೆ. ಬುದ್ಧಿ ಬಲಿತ ಮಗುವಿನ ಇಷ್ಟವನ್ನು ಗಮನಿಸಬಹುದೆಂದು 1890ರ ಕಾಯಿದೆಯೇ ಹೇಳುತ್ತದೆ. ಆದರೆ ಆ ಇಷ್ಟ ಮಗುವಿನದೋ, ವರ್ಷವಿಡೀ ಅದರ ಕಿವಿಯಲ್ಲಿ ಉಸುರಿದವರದೋ? ಒಪ್ಪಿದರೆ ಹಟಕ್ಕೆ ಬಹುಮಾನ ಕೊಟ್ಟಂತೆ. ಒಪ್ಪದಿದ್ದರೆ ಮಗುವನ್ನು ಎರಡನೆಯ ಸಲ ಬೇರು ಕಿತ್ತಂತೆ. ಅಮೆರಿಕದಲ್ಲಿ ಹುಟ್ಟಿದ ಒಬ್ಬ ಹುಡುಗನ ವಿಷಯದಲ್ಲಿ, 2007ರಲ್ಲಿ ಅಲ್ಲಿಂದ ತಂದ ಅವನನ್ನು ರಾಜ್ಯದಿಂದ ರಾಜ್ಯಕ್ಕೆ ಸಾಗಿಸುತ್ತಿದ್ದುದರಿಂದ ಪೊಲೀಸರಿಗೆ ಸಿಗದೆ, ಸುಪ್ರೀಂ ಕೋರ್ಟು ಸಿ.ಬಿ.ಐ.ಗೆ ಹೇಳಿ 2009ರಲ್ಲಿ ಚೆನ್ನೈಯಲ್ಲಿ ಪತ್ತೆಮಾಡಿಸಬೇಕಾಯಿತು. ದೇಶಾಂತರ ಒಯ್ದ ಮಕ್ಕಳನ್ನು ಹಿಂದಿರುಗಿಸುವ ಬಗ್ಗೆ 1980ರಲ್ಲಿ ಹೇಗ್ ನಗರದಲ್ಲಿ ಆದ ಒಡಂಬಡಿಕೆಗೆ ಭಾರತ ಸೇರಿಲ್ಲ. ವಿದೇಶದಲ್ಲಿರುವ ಕನ್ನಡ ಕುಟುಂಬಗಳಿಗೂ ಇದರ ಬಿಸಿ ತಟ್ಟದಿರುವುದಿಲ್ಲ.

ಹಾಗಾದರೆ ದಾರಿ ಯಾವುದು? ನ್ಯಾಯಶಾಸ್ತ್ರಜ್ಞನಲ್ಲದ ನನಗೆ ತೋರುವುದನ್ನು ಹೇಳುತ್ತೇನೆ. ಮೊದಲನೆಯದಾಗಿ, ಅಪ್ಪಣೆ ನಿಖರವಾಗಿರಬೇಕು. ‘ಸೂಕ್ತ ಸಮಯದಲ್ಲಿ ಭೇಟಿಗೆ ಅವಕಾಶವಿದೆ’ ಎಂಬ ವಾಕ್ಯ ಜಗಳಕ್ಕೆ ಬಿತ್ತಿದ ಬೀಜ. ಯಾವ ದಿನ, ಎಷ್ಟು ಗಂಟೆಗೆ, ಯಾವ ಸ್ಥಳದಲ್ಲಿ, ಯಾರು ಕರೆದುಕೊಂಡು ಹೋಗಿ ಯಾರು ತಂದುಬಿಡಬೇಕು, ತಪ್ಪಿದರೆ ಏನಾಗುತ್ತದೆ ಎಂಬುದೆಲ್ಲ ಅದರಲ್ಲಿಯೇ ಇರಬೇಕು.

ಎರಡನೆಯದಾಗಿ, ಮೊದಲ ತಪ್ಪನ್ನೇ ತಪ್ಪೆಂದು ಎಣಿಸಬೇಕು. ಏರಿಯಲ್ಲಿ ಇಲಿಬಿಲದಷ್ಟು ಸೋರಿದಾಗ ಒಂದು ಬುಟ್ಟಿ ಮಣ್ಣು ಸಾಕು. ಏರಿ ಒಡೆದ ಮೇಲೆ ಊರೇ ಸೇರಿದರೂ ಆಗುವುದಿಲ್ಲ. ಮಗುವನ್ನು ತಂದುಬಿಡದ ಮೊದಲ ವಾರದಲ್ಲಿಯೇ ಇಬ್ಬರನ್ನೂ ಕರೆಸಿದರೆ ಬಹುಪಾಲು ಹಟಗಳು ಅಲ್ಲಿಯೇ ಕರಗುತ್ತವೆ. ಜಾರಿ ಅರ್ಜಿಯನ್ನು ಹೊಸ ದಾವಾದಂತೆ ಸಾಲಿನಲ್ಲಿ ನಿಲ್ಲಿಸಿದರೆ ಮಗುವಿನ ಒಂದು ತರಗತಿಯೇ ಕಳೆದುಹೋಗುತ್ತದೆ.

ಮೂರನೆಯದಾಗಿ, ದಂಡ ತಪ್ಪು ಮಾಡಿದವರಿಗೆ ನಾಟಬೇಕು, ಮಗುವಿಗೆ ತಾಗಬಾರದು. ತಪ್ಪಿದ ಭಾನುವಾರಕ್ಕೆ ಬದಲು ಎರಡು ಭಾನುವಾರ. ಬರಿಗೈಯಲ್ಲಿ ಹಿಂದಿರುಗಿದವರ ಪ್ರಯಾಣದ ಖರ್ಚು. 1890ರ ನೂರು ರೂಪಾಯಿಗೆ ಬದಲು ಇಂದಿನ ಕಾಲಕ್ಕೆ ತಕ್ಕ ಮೊತ್ತ. ಜೈಲು ಕೊನೆಯ ಮೆಟ್ಟಿಲಾಗಬೇಕು; ಅಪ್ಪನನ್ನು ಜೈಲಿಗೆ ಹಾಕಿಸಿದವಳು ಅಮ್ಮ ಎಂಬ ಮಾತು ಮಗುವಿನ ಮನಸ್ಸಿನಲ್ಲಿ ಉಳಿದರೆ ಗೆದ್ದವಳೂ ಸೋತಂತೆಯೇ. ಪೊಲೀಸರು ಹೋಗಲೇಬೇಕಾದರೆ ಹಗಲಲ್ಲಿ, ಸಾದಾ ಉಡುಪಿನಲ್ಲಿ, ಹೆಂಗಸರೊಡನೆ ಹೋಗಲಿ.

ನಾಲ್ಕನೆಯದು ನಮ್ಮ ಹಳ್ಳಿಗಳಿಗೆ ವಿಶೇಷವಾಗಿ ಸಲ್ಲತಕ್ಕದ್ದು. ಇಲ್ಲಿ ತಂದೆಯಾಗಲಿ ತಾಯಿಯಾಗಲಿ ಒಂಟಿಯಾಗಿ ಹಟ ಹಿಡಿಯುವುದು ಅಪರೂಪ. ಹಿಂದೆ ಅಜ್ಜಿ ಇರುತ್ತಾಳೆ, ಸೋದರಮಾವ ಇರುತ್ತಾನೆ, ‘ನಮ್ಮ ವಂಶದ ಕುಡಿ’ ಎನ್ನುವ ದೊಡ್ಡಪ್ಪ ಇರುತ್ತಾನೆ. ಮಗುವನ್ನು ಬಚ್ಚಿಡುವುದು ಒಂದು ಮನೆಯಲ್ಲ, ಒಂದು ನಂಟಸ್ತಿಕೆ. ಆದ್ದರಿಂದ ಸಂಧಾನಕ್ಕೆ ಕರೆಯುವಾಗ ಗಂಡಹೆಂಡಿರನ್ನು ಮಾತ್ರ ಕರೆದರೆ ಸಾಲದು. ತೀರ್ಪು ಹೇಳುವ ಅಧಿಕಾರ ಊರ ಹಿರಿಯರಿಗಿಲ್ಲ, ಇರಲೂ ಬಾರದು. ಆದರೆ ಹೇಳಿದ ತೀರ್ಪನ್ನು ನಡೆಸಿಕೊಡುವ ಮಾನ ಅವರಿಗೆ ಇದ್ದೇ ಇದೆ.

ಅಪ್ಪಣೆ ಮೀರಿದವರೆಲ್ಲರೂ ದುಷ್ಟರೆಂದು ನಾನು ಹೇಳುತ್ತಿಲ್ಲ. ಆ ಮನೆಗೆ ಕಳುಹಿಸಿದರೆ ಮಗುವಿಗೆ ಹೊಡೆತ ಬೀಳುತ್ತದೆಂಬ ನಿಜವಾದ ಭಯದಿಂದ ಬಾಗಿಲು ಹಾಕಿಕೊಂಡ ತಾಯಂದಿರೂ ಇದ್ದಾರೆ. ಅಂಥವರಿಗೆ ಕಾನೂನಿನಲ್ಲಿ ಬಾಗಿಲು ತೆರೆದೇ ಇದೆ: ಮಗುವಿನ ವಶದ ಅಪ್ಪಣೆ ಎಂದಿಗೂ ಕಡೆಯದಲ್ಲ, ಪರಿಸ್ಥಿತಿ ಬದಲಾದರೆ ಅದನ್ನೂ ಬದಲಾಯಿಸಬಹುದು. ಭಯವಿದ್ದವರು ಆ ಬಾಗಿಲನ್ನು ತಟ್ಟಬೇಕು. ತಟ್ಟಿದಾಗ ಬೇಗ ತೆರೆಯಬೇಕಾದುದು ನ್ಯಾಯಾಸ್ಥಾನದ ಹೊಣೆ. ಭಯವನ್ನು ಹೇಳದೆ ಬಚ್ಚಿಟ್ಟರೆ ಅದಕ್ಕೂ ಹಟಕ್ಕೂ ಹೊರಗಿನವರಿಗೆ ವ್ಯತ್ಯಾಸ ಕಾಣುವುದಿಲ್ಲ.

ಉಪಾಧ್ಯಾಯ ಮಿತ್ರರಿಗೆ ಒಂದು ಮಾತು. ಈ ಜಗಳಗಳ ನಡುವೆ ಮಗು ದಿನವೂ ಕಾಣುವ, ಯಾವ ಪಕ್ಷಕ್ಕೂ ಸೇರದ ಸ್ಥಳವೆಂದರೆ ಶಾಲೆಯೊಂದೇ. ವರ್ಷದ ನಡುವೆ ದೂರದ ಊರಿನ ಮಗುವೊಂದನ್ನು ತರಾತುರಿಯಲ್ಲಿ ಸೇರಿಸಲು ಬಂದರೆ ವರ್ಗಾವಣೆ ಪತ್ರವನ್ನು ಕೇಳಿ. ಅಪ್ಪಣೆ ಏನಾದರೂ ಇದೆಯೇ ಎಂದು ವಿಚಾರಿಸಿ. ಅಪ್ಪನ ಸುದ್ದಿಯನ್ನೋ ಅಮ್ಮನ ಸುದ್ದಿಯನ್ನೋ ಮಗುವಿನ ಬಾಯಿಂದ ಹೊರಡಿಸಬೇಡಿ. ಸಾಕ್ಷಿ ಹೇಳಿ ಹೇಳಿ ದಣಿದ ಮಗುವಿಗೆ ಮಗ್ಗಿ ಒಪ್ಪಿಸುವುದು ಎಷ್ಟು ದೊಡ್ಡ ವಿಶ್ರಾಂತಿ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನ್ಯಾಯಾಸ್ಥಾನಗಳೂ ಮಗುವನ್ನು ಒಪ್ಪಿಸುವ ಸ್ಥಳವನ್ನಾಗಿ ಮನೆಯ ಹೊಸ್ತಿಲಿಗೆ ಬದಲು ಶಾಲೆಯ ಬಾಗಿಲನ್ನು ಗೊತ್ತುಮಾಡುವುದು ಲೇಸು. ಬೆಳಿಗ್ಗೆ ಒಬ್ಬರು ಬಿಟ್ಟುಹೋಗಲಿ, ಸಂಜೆ ಇನ್ನೊಬ್ಬರು ಕರೆದೊಯ್ಯಲಿ. ಇಬ್ಬರೂ ಮುಖಾಮುಖಿಯಾಗಬೇಕಾಗಿಲ್ಲ, ಮಗು ಯಾರ ಕೈಯನ್ನೂ ಬಿಡಿಸಿಕೊಂಡು ಯಾರ ಕಡೆಗೂ ಓಡಬೇಕಾಗಿಲ್ಲ.

ಮಗುವಿಗೆ ಹದಿನೆಂಟು ತುಂಬಿದ ದಿನ ಎಲ್ಲ ಅಪ್ಪಣೆಗಳೂ ಒಮ್ಮೆಗೇ ತೀರಿಹೋಗುತ್ತವೆ. ಅಂದಿನಿಂದ ಯಾವ ಅಮೀನನೂ ಅದನ್ನು ಎಲ್ಲಿಗೂ ಕರೆದೊಯ್ಯಲಾರ. ಯಾವ ಬೀಗವೂ ತಡೆಯಲಾರದು. ಮೇಬಲ್ ನಡೆದು ಬಂದಂತೆ ಅದು ತನಗೆ ಬೇಕಾದ ಮನೆಗೆ ತಾನೇ ನಡೆದು ಹೋಗುತ್ತದೆ, ಅಥವಾ ಎರಡು ಮನೆಗೂ ಬೆನ್ನು ತಿರುಗಿಸುತ್ತದೆ. ಮಗುವನ್ನು ಬಚ್ಚಿಟ್ಟುಕೊಂಡಿರುವ ತಂದೆಯಾಗಲಿ ತಾಯಿಯಾಗಲಿ ನ್ಯಾಯಾಧೀಶರಿಗೆ ಹೆದರದಿದ್ದರೂ ಆ ದಿನಕ್ಕೆ ಹೆದರಬೇಕು. ಅಂದು ಅದು ಕೇಳುವ ಪ್ರಶ್ನೆಗಳಿಗೆ ವಾಯಿದೆ ಕೇಳಲು ಬರುವುದಿಲ್ಲ.